‘ಏನಿಲ್ಲ, ಗ್ಯಾಸು’ ಎನ್ನುವವರ ಮುಖ ನೋಡುವ ಪಟ್ಟಿ ಅಕ್ಕ

ಟಿಂಚರಿನ ವಾಸನೆ ಎಂದರೆ ಅವರಿಗೆ ಅಮ್ಮ. ದವಾಖಾನೆಯೊಂದರಲ್ಲಿ ನೆಲ ಒರೆಸುತ್ತಿದ್ದ ಅಮ್ಮ ಸಂಜೆ ಮನೆಗೆ ಬಂದು ಮಗಳ ತಲೆ ಬಾಚಲು ಕುಳಿತರೆ, ಬೆರಳುಗಳ ಘಾಟು ಕೂದಲಿಗೆ ಇಳಿಯುತ್ತಿತ್ತು. ಮರುದಿನ ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಇವರಿಗೆ ಮಾತ್ರ ಅದು ಅಮ್ಮ ಮನೆಗೆ ಬಂದಳು ಎನ್ನುವ ವಾಸನೆ.

ಈಗ ಬೆಳಗಿನ ಐದೂವರೆ. ರಟ್ಟಿನ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯ ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ಅದೇ ವಾಸನೆಯ ನಡುವೆ ಅವರು ಮಂಚದ ಬಟ್ಟೆ ಕೊಡವಿ ಹಾಸುತ್ತಾರೆ. ಕತ್ತರಿ ಕುದಿಯಲು ಇಡುತ್ತಾರೆ. ಆಮೇಲೆ ನಲ್ಲಿ ತಿರುಗಿಸಿ, ನೀರು ಬಂದ ಸದ್ದು ಕೇಳಿದ ಮೇಲೆಯೇ ಬಾಗಿಲು ತೆರೆಯುತ್ತಾರೆ.

“ಔಷಧಿ ಮುಗಿದಿದ್ರೂ ಹೇಗೋ ನಡೆಸಬಹುದು. ನೀರಿಲ್ಲ ಅಂದ್ರೆ ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ.”

ಇಲ್ಲಿ ದುಡಿಯುವ ನಾನೂರು ಜನಕ್ಕೂ ಅವರು ಗಾಯಕ್ಕೆ ಪಟ್ಟಿ ಕಟ್ಟುವ ಪಟ್ಟಿ ಅಕ್ಕ. ವಯಸ್ಸು ಐವತ್ತೆರಡು. ಅವರಿಗಿಂತ ಹಿರಿಯರಾದ ಕಾವಲುಗಾರರೂ ಅಕ್ಕ ಎಂದೇ ಕರೆಯುತ್ತಾರೆ.

ಮೊದಲ ಪಾಳಿ ಶುರುವಾಗಿ ಕಾಲು ಗಂಟೆಯೂ ಆಗಿಲ್ಲ. ರಟ್ಟು ಸೀಳುವ ಯಂತ್ರದ ಹೆಂಗಸೊಬ್ಬಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ.

“ಏನಾಯ್ತಮ್ಮ?”

“ಏನಿಲ್ಲ ಅಕ್ಕ.”

“ಆ ಏನಿಲ್ಲ ಅನ್ನೋದು ನೆಲದ ಮೇಲೆ ತೊಟ್ಟಿಕ್ತಾ ಇದೆ. ಕೊಡು ಕೈ.”

ಗಾಯ ತೊಳೆದು, ಮಡಿಸಿದ ಬಟ್ಟೆಯಿಟ್ಟು ಒತ್ತಿ ಹಿಡಿಯುತ್ತಾರೆ. ಗೋಡೆ ಗಡಿಯಾರ ನೋಡಿಕೊಂಡು ಹತ್ತು ನಿಮಿಷ. ನಡುವೆ ಅವಳು ಬಟ್ಟೆ ಎತ್ತಿ ನೋಡಲು ಹೋದರೆ ಕೈಗೆ ಸಣ್ಣದೊಂದು ಏಟು ಬೀಳುತ್ತದೆ. “ಅನ್ನಕ್ಕಿಟ್ಟು ಪದೇ ಪದೇ ಮುಚ್ಚಳ ತೆಗೀತಾರಾ? ಸುಮ್ನೆ ಕೂತ್ಕೋ.” ಒತ್ತುತ್ತಲೇ ಅವಳ ಮಗಳ ಪರೀಕ್ಷೆಯ ಬಗ್ಗೆ ಕೇಳುತ್ತಾರೆ. ಹತ್ತು ನಿಮಿಷ ಕಳೆದದ್ದು ಅವಳಿಗೆ ಗೊತ್ತಾಗುವುದಿಲ್ಲ.

ದಿನಕ್ಕೆ ಇಪ್ಪತ್ತೆಂಟು, ಮೂವತ್ತು ಜನ. ಅರ್ಧಕ್ಕಿಂತ ಹೆಚ್ಚು ರಟ್ಟು ಕೊಯ್ದ ಕೈಗಳು. ಹಬೆಗೋ ಬಿಸಿ ಅಂಟಿಗೋ ಸುಟ್ಟುಕೊಂಡವರು ಮೂರು ನಾಲ್ಕು. ಅವರಲ್ಲೊಬ್ಬರಾದರೂ ಹಲ್ಲುಜ್ಜುವ ಪೇಸ್ಟ್ ಬಳಿದುಕೊಂಡೇ ಬರುತ್ತಾರೆ. ಅದನ್ನು ತೊಳೆದು ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ಕೈ ಹಿಡಿಸುವುದು ಇವರ ಕೆಲಸ. ಉಳಿದಂತೆ ಜ್ವರ, ಸೊಂಟನೋವು, ತಲೆನೋವು. ಸುಮ್ಮನೆ ಬಂದು ಕುಳಿತು ಹೋಗುವವರೂ ಒಬ್ಬಿಬ್ಬರು. “ಅವರನ್ನೂ ಬರ್ಕೋತೀನಿ. ಸುಮ್ನೆ ಯಾರೂ ಬರಲ್ಲ.”

ಹಾಗೆ ಬರೆದುಕೊಳ್ಳುವ ಪುಸ್ತಕದಲ್ಲಿ ಎರಡು ಕಾಲಂಗಳಿವೆ: ‘ಅವರು ಹೇಳಿದ್ದು’, ‘ನಾನು ನೋಡಿದ್ದು’. ಮೊದಲನೆಯದರ ತುಂಬ ‘ಏನಿಲ್ಲ, ಏನಿಲ್ಲ, ಏನಿಲ್ಲ’. ಎರಡನೆಯದನ್ನು ನೋಡಿ ಮೂರು ಬಗೆಯ ಚೀಟಿಗಳಲ್ಲಿ ಒಂದನ್ನು ಹರಿದುಕೊಡುತ್ತಾರೆ. ‘ಇಲ್ಲೇ’ ಎಂದರೆ ಈ ಕೋಣೆಯಲ್ಲೇ ಮುಗಿಯುವ ಸಂಗತಿ. ‘ನಾಳೆಯೊಳಗೆ’ ಎಂದರೆ ಮೂರು ದಿನವಾದರೂ ಬಿಡದ ಜ್ವರ, ತುಕ್ಕು ಮೊಳೆ ಚುಚ್ಚಿದ ಕಾಲು, ಕೆಂಪಗೆ ಊದಿಕೊಳ್ಳುತ್ತಿರುವ ಗಾಯ. ವೈದ್ಯರನ್ನು ಕಾಣದೆ ಮರುದಿನ ಕಳೆಯುವ ಹಾಗಿಲ್ಲ. ‘ಈಗಲೇ’ ಎಂದರೆ ಕಾರ್ಖಾನೆಯ ವ್ಯಾನು ತಕ್ಷಣ ಆಸ್ಪತ್ರೆಗೆ ಹೊರಡಬೇಕು: ತಲೆಗೆ ಪೆಟ್ಟು ಬಿದ್ದು ವಾಂತಿಯಾದವರು, ಬಾಯಿ ಒಂದು ಕಡೆಗೆ ವಾಲಿದವರು, ಮಾತು ತೊದಲಿದವರು, ಉಸಿರು ಸಿಗದವರು, ಎದೆ ಬಿಗಿಹಿಡಿದವರು.

ಪಟ್ಟಿ ಅಕ್ಕ ವೈದ್ಯರಲ್ಲ, ನರ್ಸೂ ಅಲ್ಲ. ನರ್ಸಿಂಗ್ ಸಹಾಯಕರ ಒಂದು ವರ್ಷದ ತರಬೇತಿಯನ್ನು ಹತ್ತನೇ ತಿಂಗಳಲ್ಲಿ ಬಿಟ್ಟವರು. ಅಮ್ಮ ಹಾಸಿಗೆ ಹಿಡಿದಿದ್ದರು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಮದುವೆ, ಇಬ್ಬರು ಹೆಣ್ಣುಮಕ್ಕಳು, ಎರಡು ಕೋಣೆಯ ಬಾಡಿಗೆ ಮನೆ. ಗಂಡ ದರ್ಜಿ, ಮಂಡಿನೋವನ್ನು ವರ್ಷಗಟ್ಟಲೆ ಮುಂದೂಡುತ್ತಾ ಬಂದವರು. “ಊರಿಗೆಲ್ಲ ಚೀಟಿ ಕೊಡ್ತೀನಿ, ನಮ್ಮನೆಯವರು ಮಾತ್ರ ತಗೊಳಲ್ಲ” ಎಂದು ನಗುತ್ತಾರೆ.

ಪುಸ್ತಕದಲ್ಲಿ ಮೊದಲು ಒಂದೇ ಕಾಲಂ ಇತ್ತು. ಎರಡನೆಯದು ಬಂದದ್ದು ಹನ್ನೊಂದು ವರ್ಷದ ಹಿಂದೆ. ಆ ಮಾತು ಬಂದಾಗ ಅವರ ನಗು ನಿಲ್ಲುತ್ತದೆ. ಪ್ಯಾಕಿಂಗ್ ವಿಭಾಗದ ಹಿರಿಯರೊಬ್ಬರು ಒಂದು ಬೆಳಿಗ್ಗೆ ಬಂದು, ಎದೆಯಲ್ಲಿ ಗ್ಯಾಸು, ಮಾತ್ರೆ ಕೊಡು ಎಂದರು. ಇವರು ಕೊಟ್ಟರು. ಊಟದ ಗಂಟೆ ಹೊಡೆಯುವ ಮೊದಲೇ ಅವರು ಕುಸಿದರು, ಮತ್ತೆ ಏಳಲಿಲ್ಲ.

“ಗ್ಯಾಸು ಅಂದ್ರು, ಗ್ಯಾಸು ಅಂತ ಬರ್ಕೊಂಡೆ. ಮುಖ ಎತ್ತಿ ನೋಡಿದ್ರೆ ಗೊತ್ತಾಗ್ತಿತ್ತೋ ಏನೋ. ನಾನು ಪುಸ್ತಕ ನೋಡ್ತಿದ್ದೆ.”

ಆಗ ವ್ಯಾನು ಹೊರಡಲು ಮ್ಯಾನೇಜರರ ಸಹಿ ಬೇಕಿತ್ತು. ಎರಡು ವರ್ಷ ಆಫೀಸಿನ ಮೆಟ್ಟಿಲು ಹತ್ತಿಳಿದು, ‘ಈಗಲೇ’ ಚೀಟಿಗೆ ಸಹಿ ಬೇಡ ಎನ್ನುವ ಒಂದು ಸಾಲಿನ ಆದೇಶವನ್ನು ಅವರು ಬರೆಸಿಕೊಂಡರು.

ಆ ಒಂದು ಸಾಲು ಈ ವರ್ಷ ಕೈ ತಪ್ಪುವುದರಲ್ಲಿತ್ತು. ಲೋಡಿಂಗ್ ಮೇಸ್ತ್ರಿ ಗ್ಯಾಸಿನ ಮಾತ್ರೆ ಕೇಳಿಕೊಂಡು ಬಂದರು. ನೋವೆಲ್ಲಿ ಎಂದಾಗ ಬೆರಳಿಟ್ಟು ತೋರಿಸಲಿಲ್ಲ; ಎದೆಯ ನಡುವೆ ಮುಷ್ಟಿ ಒತ್ತಿ ಹಿಡಿದರು. ಪಟ್ಟಿ ಅಕ್ಕ ‘ಈಗಲೇ’ ಹರಿದರು. ಲಾರಿ ಕಾಯುತ್ತಿದೆ ಎಂದು ಮೇಸ್ತ್ರಿ ಕೂಗಾಡಿದರೂ ಬಿಡದೆ ವ್ಯಾನಿನಲ್ಲಿ ಜೊತೆಗೆ ಕುಳಿತು, ತಮ್ಮ ಭಯ ಏನೆಂದು ದಾರಿಯುದ್ದಕ್ಕೂ ಬಿಡಿಸಿ ಹೇಳಿದರು: ಮುಷ್ಟಿ, ತಣ್ಣನೆ ಬೆವರು, ತೋಳಿಗೋ ದವಡೆಗೋ ಹಬ್ಬುವ ನೋವು. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆಗಳೂ ಆದವು. ಸಂಜೆ ಹೊತ್ತಿಗೆ ತಿಳಿದದ್ದು, ಅದು ನಿಜವಾಗಿಯೂ ಗ್ಯಾಸು.

ಕಾರ್ಖಾನೆಗೆ ವಾರಕ್ಕಾಗುವಷ್ಟು ನಗು ಸಿಕ್ಕಿತು. ಬಾಯ್ಲರ್ ನೋಡಿಕೊಳ್ಳುವಾತ ಮಾತಿನ ಮಲ್ಲ. ವ್ಯಾನು ಕಂಡಾಗಲೆಲ್ಲ, “ದಾರಿ ಬಿಡ್ರಪ್ಪೋ, ಗ್ಯಾಸ್ ಗಾಡಿ ಬಂತು” ಎನ್ನುತ್ತಿದ್ದ. ಮ್ಯಾನೇಜರ್ ಕರೆಸಿ, ಇಂಥದ್ದು ಇನ್ನೊಂದು ಸಲವಾದರೆ ಸಹಿಯ ನಿಯಮ ಮತ್ತೆ ಬರುತ್ತದೆ ಎಂದರು. ಅದಕ್ಕಿಂತ ಹೆಚ್ಚಾಗಿ ಅಕ್ಕನನ್ನು ಹೆದರಿಸಿದ್ದು ಅವರದೇ ಪುಸ್ತಕ. ಮೂವತ್ತಿದ್ದ ಸಂಖ್ಯೆ ಹದಿನೆಂಟಕ್ಕೆ ಇಳಿಯಿತು. “ಗಾಯ ಕಮ್ಮಿ ಆಗಿರ್ಲಿಲ್ಲ. ಬರೋಕೆ ನಾಚಿಕೆ. ಎಲ್ಲಿ ನಗೆಪಾಟಲಾಗ್ತೀವೋ ಅಂತ.”

ಮೂರು ವಾರದ ಮೇಲೆ ಒಂದು ಮುಂಜಾನೆ ಬಾಯ್ಲರಿನಾತ ಶೆಡ್ಡಿನ ಹಿಂದೆ ಕುರ್ಚಿ ಹಾಕಿಕೊಂಡು ಒಬ್ಬನೇ ಕುಳಿತಿದ್ದ. ಅಂಗಿ ಒದ್ದೆ. ಬಾಯ್ಲರಿನ ಹತ್ತಿರ ಯಾರ ಅಂಗಿ ಒಣಗಿರುತ್ತದೆ? ಹೋಗಿಬರುವವರು ಯಾರೂ ಗಮನಿಸಲಿಲ್ಲ. ಗಮನಿಸಿದ್ದು ಲೋಡಿಂಗ್ ಮೇಸ್ತ್ರಿ. ಹತ್ತಿರ ಹೋಗಿ ಕುತ್ತಿಗೆ ಮುಟ್ಟಿ ನೋಡಿದರು. ಆಮೇಲೆ ಇಬ್ಬರು ಆಳುಗಳನ್ನು ಕೂಗಿ, ಅವನನ್ನು ಕುರ್ಚಿಯಲ್ಲೇ ಎತ್ತಿಸಿಕೊಂಡು ಬಂದರು.

“ಅಕ್ಕ, ಇವನ ಬೆವರು ತಣ್ಣಗಿದೆ.”

“ಏನಿಲ್ಲ ಅಕ್ಕ, ಗ್ಯಾಸು,” ಎಂದ ಆತ. ಹೇಳಿದ ಮಾತಿಗೆ ತಾನೇ ನಗಲು ಹೋದ, ಉಸಿರು ಸಾಲಲಿಲ್ಲ.

“ಗ್ಯಾಸೇ ಆಗಿರ್ಲಿ ಮಾರಾಯ. ವಾಪಸ್ ಬಂದು ನನ್ನ ನೋಡಿ ನಗುವಂತೆ.”

ಹೇಳುತ್ತಲೇ ಚೀಟಿ ಹರಿದಿದ್ದರು. ಈ ಸಲವೂ ಗ್ಯಾಸೇ ಆಗಿದ್ದರೆ ಆ ಚೀಟಿಯ ಆಯುಷ್ಯ ಮುಗಿಯುತ್ತದೆ ಎಂದು ಗೊತ್ತಿತ್ತು. “ಗೊತ್ತಿತ್ತು. ಆದ್ರೆ ಅವನ ಮುಖ ನೋಡಿದ ಮೇಲೆ ಅದನ್ನ ಯೋಚನೆ ಮಾಡೋದಕ್ಕೆ ಪುರುಸೊತ್ತೆಲ್ಲಿ?”

ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಅಂದೇ ತೆರೆದರು. ಈಗ ಬಾಯ್ಲರಿನಾತ ಉಗ್ರಾಣದಲ್ಲಿ ಕುಳಿತು ಮಾಡುವ ಹಗುರ ಕೆಲಸಕ್ಕೆ ಬರುತ್ತಿದ್ದಾನೆ. ಬಾಯಿ ಮಾತ್ರ ಹಗುರಾಗಿಲ್ಲ. ಮೇಸ್ತ್ರಿ ಎದುರಾದಾಗಲೆಲ್ಲ ಹೇಳುತ್ತಾರೆ: “ನನಗೆ ಗ್ಯಾಸು ಬಂದಿದ್ದಕ್ಕೆ ನೀನು ಬದುಕಿದ್ದೀಯ, ನೆನಪಿರಲಿ.” ಸಹಿಯ ಮಾತನ್ನು ಮ್ಯಾನೇಜರ್ ಮತ್ತೆ ಎತ್ತಿಲ್ಲ. ಪುಸ್ತಕದ ಸಂಖ್ಯೆ ಇಪ್ಪತ್ತೆಂಟಕ್ಕೆ ಏರಿದೆ.

ಏನು ಆಸೆ ಎಂದರೆ ಪಟ್ಟಿ ಅಕ್ಕ ಸ್ವಲ್ಪ ಯೋಚಿಸಿ, ಎರಡನೆಯ ನಲ್ಲಿ ಬೇಕು ಎನ್ನುತ್ತಾರೆ. “ಇಬ್ಬರು ಒಟ್ಟಿಗೆ ಸುಟ್ಕೊಂಡು ಬಂದ್ರೆ ಒಬ್ಬರು ಕಾಯ್ಬೇಕಾಗುತ್ತೆ.”

ಊಟದ ಗಂಟೆ ಹೊಡೆಯುತ್ತದೆ. ಇಡೀ ಕಾರ್ಖಾನೆಗೆ ಬಿಡುವಾದ ಹೊತ್ತಿಗೇ ಈ ಕೋಣೆಯ ಮುಂದೆ ಸಾಲು ಬೆಳೆಯುವುದು. ಅಕ್ಕ ಉಣ್ಣುವಾಗ ಮೂರಾಗುತ್ತದೆ. ಸಾಲಿನ ಕೊನೆಯಲ್ಲಿ ಇಂದು ಬಾಯ್ಲರಿನಾತನ ಹೆಂಡತಿ ನಿಂತಿದ್ದಾಳೆ. ಗಾಯವಿಲ್ಲ, ಜ್ವರವಿಲ್ಲ. ತನ್ನ ಸರದಿ ಬಂದಾಗ ಬಟ್ಟೆ ಸುತ್ತಿದ ಬಿಸಿ ಡಬ್ಬಿಯೊಂದನ್ನು ಮುಂದೆ ಹಿಡಿಯುತ್ತಾಳೆ.

“ಇವರಿಗೆ ಮಾಡಿದ ಅಡುಗೆನೇ ಅಕ್ಕ. ಉಪ್ಪಿನ ಋಣ ಅನ್ನೋಣ ಅಂದ್ರೆ, ಡಾಕ್ಟ್ರು ಉಪ್ಪೇ ಹಾಕ್ಬೇಡ ಅಂದಿದ್ದಾರೆ.”

ಅಕ್ಕ ಕೈ ತೊಳೆದು ಬಂದು, ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಳ್ಳುತ್ತಾರೆ.