ಮಡಲು ಮುಚ್ಚಿದ ಕೆರೆ

ಸಂಜೆ ನಾಲ್ಕು ಗಂಟೆ ಐವತ್ತೆರಡು ನಿಮಿಷ. ಗಡಿಯಾರ ನನ್ನ ಕೈಯಲ್ಲೇ ಇದ್ದುದರಿಂದ ಇದರಲ್ಲಿ ಅನುಮಾನವಿಲ್ಲ. ನರಿಮೊಗರಿನ ಗದ್ದೆಯಲ್ಲಿ ಫುಟ್‌ಬಾಲ್ ಪಂದ್ಯದ ಎರಡನೆಯ ಅರ್ಧ ಶುರುವಾಗಿ ಏಳು ನಿಮಿಷವಾಗಿತ್ತು. ನಮ್ಮದು ಪುತ್ತೂರಿನ ಟೀಮು, ಎದುರಿಗೆ ಸುಳ್ಯದವರು. ಗೆದ್ದವರಿಗೆ ಮುಂದಿನ ಭಾನುವಾರ ಕಡಬದಲ್ಲಿ ಫೈನಲ್. ಚೆಂಡು ಗದ್ದೆಯ ಮೂಲೆಗೆ ಉರುಳಿತು. ನಮ್ಮ ಪರ ಆಡಲು ಬಂದಿದ್ದ ಗೋವೆಯವನು ಅದರ ಹಿಂದೆ ಓಡಿದ. ಸುಣ್ಣದ ಗೆರೆ ದಾಟುವ ಮೊದಲೇ ಅದನ್ನು ಒಳಗೆಳೆಯಬೇಕೆಂದು ಗೆರೆಯಾಚೆ ಒಂದು ಹೆಜ್ಜೆ ಇಟ್ಟ. ಅಲ್ಲಿ ಹರಡಿದ್ದ ಬೈಹುಲ್ಲು ಬಗ್ಗಿತು. ಆಮೇಲೆ ಅವನು ಅಲ್ಲಿರಲಿಲ್ಲ.

ಚೆಂಡು ಮಾತ್ರ ಗೆರೆಯೊಳಗೇ ನಿಂತಿತ್ತು. ಅವನು ಅದನ್ನು ಉಳಿಸಿಕೊಟ್ಟು ಹೋಗಿದ್ದ.

ಆ ಮೂಲೆಯಲ್ಲಿ ಒಂದು ಕೆರೆ ಇತ್ತು. ಕೆರೆ ಎಂದರೆ ದೊಡ್ಡದೇನಲ್ಲ, ಗದ್ದೆಗೆ ಏತದಲ್ಲಿ ನೀರೆತ್ತಲು ತೋಡಿದ, ಎರಡಾಳು ಆಳದ ಗುಂಡಿ. ದಂಡೆ ಇಲ್ಲ, ಮೆಟ್ಟಿಲಿಲ್ಲ. ಸುಗ್ಗಿಯ ಪೈರು ಕೊಯ್ದ ಮೇಲೆ ಗದ್ದೆ ಒಣಗಿದಾಗ ನಮಗೆ ಅದೇ ಮೈದಾನ. ಚೆಂಡು ಪ್ರತಿ ಸಲ ಆ ನೀರಿಗೇ ಬೀಳುತ್ತಿತ್ತು. ತೊಗಲಿನ ಚೆಂಡು ನೆನೆದರೆ ಕಲ್ಲಿನಂತಾಗುತ್ತದೆ, ಅಂದಿನ ಆಟ ಅಲ್ಲಿಗೆ ಮುಗಿಯಿತು. ಅದಕ್ಕೆ ನಾವೊಂದು ಉಪಾಯ ಮಾಡಿಕೊಂಡಿದ್ದೆವು. ಪಂದ್ಯದ ದಿನ ಕೆರೆಯ ಬಾಯಿಗೆ ಅಡಿಕೆಮರದ ಸಲಾಕೆ ಅಡ್ಡ ಹಾಕಿ, ಮೇಲೆ ಹೆಣೆದ ತೆಂಗಿನ ಮಡಲು ಹೊದಿಸಿ, ಚೆಂಡು ಜಾರಿ ಹೋಗದ ಹಾಗೆ ಒಂದಿಷ್ಟು ಬೈಹುಲ್ಲು ಹರಡುವುದು. ಚೆಂಡಿನ ಭಾರ ಅದು ತಡೆಯುತ್ತಿತ್ತು. ಮನುಷ್ಯನ ಭಾರ ತಡೆಯಬೇಕೆಂದು ಯಾರೂ ಯೋಚಿಸಿರಲಿಲ್ಲ, ಏಕೆಂದರೆ ಅಲ್ಲಿ ಕಾಲಿಡುವ ಮನುಷ್ಯನೇ ಇರಲಿಲ್ಲ. ಊರಿನ ದನಗಳಿಗೂ ಅದು ಗೊತ್ತಿತ್ತು. ಸುಳ್ಯದವರು ವರ್ಷಕ್ಕೆರಡು ಸಲ ಬಂದು ಆಡುವವರು, ಅವರಿಗೂ ಗೊತ್ತಿತ್ತು.

ಗೊತ್ತಿಲ್ಲದವನು ಅವನೊಬ್ಬನೇ. ಅವನಿಗೆ ಹೇಳಬೇಕಾದವನು ನಾನು.

ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದೆ. ಇಂಗ್ಲಿಷ್ ಬರೆಯಬಲ್ಲವನೆಂದು ಟೀಮಿನವರು ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಕಾಲಲ್ಲಿ ಚೆಂಡು ಒದೆಯಲು ಬಾರದವನಿಗೆ ಕಾಗದ ಬರೆಯುವುದು, ಸಮಯ ನೋಡುವುದು, ಹೊರಗಿನಿಂದ ಬಂದ ಆಟಗಾರರ ಊಟ-ವಸತಿ ಸುಧಾರಿಸುವುದು, ಇವೇ ಕೆಲಸ. ಕ್ಯಾಪ್ಟನ್ ದರ್ಬೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವನು. ಅವನ ಭಾವ ಮುಂಬಯಿಯ ಹೋಟೆಲಿನಲ್ಲಿದ್ದ. ಆ ಮೂಲಕವೇ ಗೋವೆಯವನು ಬೇಸಿಗೆಯ ಎರಡು ವಾರ ನಮ್ಮ ಪರ ಆಡಲು ಬಂದದ್ದು.

ಆಗ ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಅವನು ನಮಗೆ ಪರದೇಶದವನು. ಗಡಿ ಮುಚ್ಚಿ ಹಲವು ವರ್ಷವಾಗಿತ್ತು. ಮುಂಬಯಿಯ ಒಂದು ಮಿಲ್ಲಿನಲ್ಲಿ ಅವನು ಹೆಸರಿಗೆ ಗುಮಾಸ್ತ, ಸಂಬಳ ಕೊಡುತ್ತಿದ್ದುದು ಆಟಕ್ಕೆ. ಪ್ರತಿ ವರ್ಷ ಮಳೆ ಶುರುವಾಗುವಾಗ ಮಿಲ್ಲಿನವರು ಹೊಸದಾಗಿ ಟೀಮು ಆರಿಸುತ್ತಾರೆ. ಆರಿಸಿದರೆ ಕೆಲಸವೂ ಉಂಟು, ಮಲಗಲು ಮಿಲ್ಲಿನ ಕೋಣೆಯೂ ಉಂಟು. ಇಲ್ಲದಿದ್ದರೆ ಎರಡೂ ಇಲ್ಲ. ಊರಿಗೆ ಹೋಗೋಣವೆಂದರೆ ಊರಿನ ಬಾಗಿಲು ಮುಚ್ಚಿದೆ. ಇದನ್ನು ಬಂದ ದಿನ ರಾತ್ರಿ ಊಟಕ್ಕೆ ಕುಳಿತಾಗ ನನಗೆ ಹೇಳಿದ. ನಮ್ಮಿಬ್ಬರ ಮಾತು ಇಂಗ್ಲಿಷು, ನಡುನಡುವೆ ಅವನ ಮುಂಬಯಿ ಹಿಂದಿ. ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನನ್ನ ಕಾಲು ನನ್ನ ಮನೆ" ಎಂದ, ಗಂಜಿಗೆ ಉಪ್ಪಿನಕಾಯಿ ಕಲಸುತ್ತಾ. ನಗಲಿಲ್ಲ.

ಹೊಸಬರು ಬಂದರೆ ಪಂದ್ಯದ ಹಿಂದಿನ ಸಂಜೆ ಗದ್ದೆಗೆ ಕರೆದೊಯ್ದು ಸುತ್ತು ಹಾಕಿಸುವುದು ನಮ್ಮ ಪದ್ಧತಿ. ಬಸ್ಸು ತಡವಾಗಿ ಬಂದು ಆ ಸಂಜೆ ಹೋಗಲಾಗಲಿಲ್ಲ. ಬೆಳಿಗ್ಗೆ ಅವನು ಇಗರ್ಜಿಗೆ ಹೋದ. ಮಧ್ಯಾಹ್ನ ನನ್ನ ಕೋಣೆಯಲ್ಲಿ ಕುಳಿತು ತಂಗಿಗೆ ಕಾಗದ ಬರೆದ. ಆ ಕಾಗದ ಆಫ್ರಿಕದಲ್ಲಿದ್ದ ಒಬ್ಬ ಬಂಧುವಿಗೆ ಹೋಗಿ, ಅಲ್ಲಿಂದ ಗೋವೆಗೆ ಹೋಗಬೇಕು. ಒಳಗಿನ ಲಕೋಟೆಗೆ ತಂಗಿಯ ವಿಳಾಸವನ್ನು ನನ್ನ ಕೈಯಲ್ಲಿ ಬರೆಸಿದ. ನನ್ನ ಅಕ್ಷರ ಚೆಂದವಂತೆ. ಗದ್ದೆಗೆ ನಡೆದು ಹೋಗುವಾಗಲೂ ಅದೇ ಮಾತು. ಆಫ್ರಿಕಕ್ಕೆ ಎಷ್ಟು ದಿನ, ಅಲ್ಲಿಂದ ಎಷ್ಟು ದಿನ, ತಂಗಿಯ ಮದುವೆ ಅಷ್ಟರಲ್ಲಿ ಮುಗಿದಿರುತ್ತದೋ ಏನೋ. ಕೆರೆಯ ಮಾತು ಎರಡು ಸಲ ನನ್ನ ಬಾಯಿಯವರೆಗೆ ಬಂದಿತ್ತು. ಅವನ ಮಾತು ಮುಗಿಯಲಿ ಎಂದು ಕಾದೆ. ಅಷ್ಟರಲ್ಲಿ ಗದ್ದೆ ಬಂತು. ಹುಡುಗರು ಸಾಕ್ಸಿನೊಳಗೆ ಅಡಿಕೆ ಹಾಳೆಯ ತುಂಡು ತುರುಕಿಕೊಳ್ಳುತ್ತಿದ್ದರು, ಮೊಣಕಾಲಿನ ಕೆಳಗೆ ಪೆಟ್ಟು ಬೀಳದಿರಲೆಂದು. ಅವನು ಅದನ್ನು ನೋಡಿ ಬಿದ್ದು ಬಿದ್ದು ನಕ್ಕ. ಆಮೇಲೆ ತಾನೂ ಎರಡು ತುಂಡು ಕೇಳಿ ತುರುಕಿಕೊಂಡ. ನಾನೂ ನಕ್ಕೆ. ಕೆರೆ ಮರೆತುಹೋಯಿತು.

ಬಿದ್ದ ಮೇಲೆ ಮೊದಲು ಕೇಳಿಸಿದ್ದು ಸಲಾಕೆ ಮುರಿದ ಸದ್ದಲ್ಲ, ಏತದ ಮರ ಅಲುಗಿದ ಸದ್ದು. ಅವನು ಅದರ ಹಗ್ಗ ಹಿಡಿದುಕೊಂಡಿದ್ದ. ನಾನು ಅಂಚಿಗೆ ಹೋಗಿ ಬಗ್ಗಿದೆ. ಎದೆಯವರೆಗೆ ಕೆಸರುನೀರು, ತಲೆಯ ಮೇಲೆ ಹರಿದ ಮಡಲು, ಮೇಲಿನಿಂದ ಇನ್ನೂ ಉದುರುತ್ತಿದ್ದ ಮಣ್ಣು. ಅವನು ಕೊಂಕಣಿಯಲ್ಲಿ ಏನೋ ಹೇಳುತ್ತಿದ್ದ, ಕೂಗಿ ಅಲ್ಲ, ಮೆಲ್ಲಗೆ, ಪಕ್ಕದಲ್ಲಿ ಯಾರೋ ಕುಳಿತಿದ್ದಾರೆ ಎಂಬಂತೆ. ಮುಖ ಮೇಲೆತ್ತಿ ನನ್ನನ್ನು ನೋಡಿದ.

"ಹಿಂದೆ ಹೋಗಿ ಮಾಷ್ಟ್ರೇ! ಅಂಚು ಕುಸಿತದೆ! ನೀವೂ ಬೀಳ್ತೀರಿ!" ಎಂದು ಕ್ಯಾಪ್ಟನ್ ನನ್ನ ಅಂಗಿ ಹಿಡಿದೆಳೆದ. ಸುಳ್ಯದವರೂ ನಮ್ಮವರೂ ಸೇರಿ ಏತದ ಮರವನ್ನೇ ಬಗ್ಗಿಸಿ, ಇನ್ನೊಂದು ಹಗ್ಗ ಇಳಿಸಿದರು. ಹಗ್ಗ ಹಿಡಿದ ಕ್ಯಾಪ್ಟನ್‌ನ ಅಂಗೈ ಸುಲಿದುಹೋಯಿತು. ನಾನು ಏನೂ ಮಾಡಲಿಲ್ಲ. ಗಡಿಯಾರ ನೋಡುತ್ತಾ ನಿಂತಿದ್ದೆ. ಅವನು ಮೇಲೆ ಬಂದಾಗ ಐದು ಗಂಟೆ ಹತ್ತು ನಿಮಿಷ. ಬಲಗಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು.

ಆಸ್ಪತ್ರೆಯಲ್ಲಿ ಸಾಕ್ಸ್ ಕತ್ತರಿಸಿದಾಗ ಹಾಳೆಯ ತುಂಡು ಹೊರಗೆ ಬಂತು. ಅದು ಇದ್ದುದರಿಂದ ಚರ್ಮ ಹರಿಯಲಿಲ್ಲ, ಕಾಲು ಉಳಿಯಿತು ಎಂದರು ಡಾಕ್ಟರು. ಉಳಿದ ಕಾಲು ಓಡುತ್ತದೆಯೇ ಎಂದು ಕೇಳಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಆಚೆ ಹೋದರು.

ಹೊರಗಿನ ಜಗಲಿಯಲ್ಲಿ ಗದ್ದೆಯ ಯಜಮಾನರು ಕುಳಿತಿದ್ದರು, ಅರುವತ್ತು ದಾಟಿದವರು. ಪಂದ್ಯ ನೋಡಲು ಬಂದವರು ಹಾಗೇ ಅವನನ್ನು ಹೊತ್ತು ತಂದ ಲಾರಿ ಹತ್ತಿ ನಮ್ಮ ಜೊತೆ ಬಂದಿದ್ದರು. "ಆ ಗೋವೆ ಜನಕ್ಕೆ ಕೆರೆ ಉಂಟೂಂತ ಗೊತ್ತಿತ್ತಾ ಇಲ್ವಾ?" ಎಂದು ಕೇಳಿದರು.

"ಹೇಳದೆ ಇರ್ತಾರಾ ಮಾರಾಯ್ರೆ?" ಎಂದ ಕ್ಯಾಪ್ಟನ್, ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಾ. "ನಮ್ಮ ಮಾಷ್ಟ್ರು ನಿನ್ನೆಯಿಂದ ಅವನೊಟ್ಟಿಗೇ ಇದ್ದಾರೆ. ಬಿ.ಎ. ಓದಿದವರು. ಆಟದ ಅಮಲಲ್ಲಿ ಅವನಿಗೆ ಮರ್ತು ಹೋಯ್ತು, ಅಷ್ಟೆ. ಅಲ್ವಾ ಮಾಷ್ಟ್ರೇ?"

ನಾನು ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡೆ. ಅಷ್ಟು ಸಾಕಾಯಿತು. ಮರುದಿನ ದರ್ಬೆಯ ಹೋಟೆಲಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಎಲ್ಲ ಕಡೆ ಅದೇ ಮಾತು. ಹೇಳಿದ್ದರಂತೆ, ಅವನೇ ಮರೆತನಂತೆ.

ಯಾರೋ ಹಿಂದಿಯಲ್ಲಿ ಹೇಳಿ ಅವನ ಕಿವಿಗೂ ಅದು ಬಿತ್ತು. ಮೂರನೆಯ ದಿನ ಹಾಸಿಗೆಯಲ್ಲಿ ನನ್ನ ಕೈ ಹಿಡಿದು ಹೇಳಿದ: "ನೀವು ಹೇಳಿದಾಗ ನಾನು ಕಾಗದದ ಗುಂಗಿನಲ್ಲಿದ್ದೆ. ನಿಮಗೆ ತೊಂದರೆ ಕೊಟ್ಟೆ. ಕ್ಷಮಿಸಿ."

"ಮಾತಾಡಬೇಡಿ, ಮಲಗಿ" ಎಂದೆ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನು ನನ್ನ ಕೋಣೆಯಲ್ಲೇ ಇದ್ದ. ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ಬಸ್ಸು ಹತ್ತುವಂತಿರಲಿಲ್ಲ. ಮೊದಲ ವಾರ ಟೀಮಿನವರು ಕಿತ್ತಳೆ ಹಿಡಿದುಕೊಂಡು ಬಂದರು. ಎರಡನೆಯ ವಾರ ಇಬ್ಬರು ಬಂದರು. ಆಮೇಲೆ ಯಾರೂ ಇಲ್ಲ. ಕಡಬದ ಫೈನಲ್ ಸುಳ್ಯದವರು ಆಡಿ ಮುಗಿಸಿದ್ದರು. ನಾನು ಶಾಲೆಗೆ ಹೋದರೆ ಅವನು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಿದ್ದ. ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ನನಗಿಂತ ಚೆನ್ನಾಗಿ ಕಲಿತಿದ್ದ. ಜಾಲ್ಸೂರಿನ ಕಡೆಯಿಂದ ಬರುವುದು, ಮಂಗಳೂರಿಗೆ ಹೋಗುವುದು. ಮಂಗಳೂರಿನ ಬಸ್ಸು ಹೋದ ಮೇಲೆ ಕುರ್ಚಿಯನ್ನು ಒಳಕ್ಕೆ ತಿರುಗಿಸಿಕೊಳ್ಳುತ್ತಿದ್ದ.

ಅವನಲ್ಲಿ ಒಂದು ಹೊಸ ಅಭ್ಯಾಸ ಹುಟ್ಟಿಕೊಂಡಿತ್ತು. ಏನು ಹೇಳಿದರೂ "ಇನ್ನೊಮ್ಮೆ ಹೇಳಿ" ಎನ್ನುತ್ತಿದ್ದ. ಕಾಫಿ ಬಿಸಿ ಇದೆ ಎಂದರೂ, ಬಾಗಿಲಿಗೆ ಚಿಲಕ ಹಾಕಿದ್ದೇನೆ ಎಂದರೂ. ನಾನು ಎರಡನೆಯ ಸಲ ಹೇಳುವಾಗ ನನ್ನ ತುಟಿಯನ್ನೇ ನೋಡುತ್ತಿದ್ದ, ಪಾಠದಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಯ ಹಾಗೆ.

ನನ್ನ ನಿದ್ದೆ ಕೆಟ್ಟುಹೋಗಿತ್ತು. ಕಣ್ಣು ಮುಚ್ಚಿದರೆ ಬೈಹುಲ್ಲು ಬಗ್ಗುತ್ತಿತ್ತು. ಬೀಳುವುದಲ್ಲ, ಬಗ್ಗುವುದು. ಅಷ್ಟು ಹೊತ್ತಿನಲ್ಲಿ ಒಂದು ಮಾತು ಕೂಗಬಹುದಿತ್ತು ಎಂದು ಪ್ರತಿ ಸಲವೂ ಅನ್ನಿಸುತ್ತಿತ್ತು. ಹಗಲು ಕ್ಲಾಸಿನಲ್ಲಿ ಹಲಗೆಗೆ ತಿರುಗಿದಾಗಲೂ ಅದೇ. ಒಂದೇ ಕೋಣೆಯಲ್ಲಿ ಇಬ್ಬರು ಎಚ್ಚರವಾಗಿ ಮಲಗಿರುತ್ತಿದ್ದೆವು, ಅವನು ಕಾಲು ನೋವಿನಿಂದ, ನಾನು ಇದರಿಂದ. ಒಬ್ಬರನ್ನೊಬ್ಬರು ಕರೆಯುತ್ತಿರಲಿಲ್ಲ.

ಆರನೆಯ ವಾರ ಪ್ಲಾಸ್ಟರ್ ತೆಗೆದರು. ಕಾಲು ನೇರವಾಗಿತ್ತು, ಕಡ್ಡಿಯಂತೆ ತೆಳ್ಳಗಾಗಿತ್ತು. ಅಂದು ಮಧ್ಯಾಹ್ನ ಅವನು ಮೇಜಿನ ಮೇಲೆ ಬಿಳಿ ಹಾಳೆ ಇಟ್ಟು ಹೇಳಿದ: "ಮಿಲ್ಲಿನ ಮೆನೇಜರಿಗೆ ಒಂದು ಕಾಗದ ಬರೆದುಕೊಡಿ. ಒಳ್ಳೆಯ ಇಂಗ್ಲಿಷಿನಲ್ಲಿ. ಜೂನಿನಲ್ಲಿ ಓಡಲಾರೆ, ಮುಂದಿನ ವರ್ಷದವರೆಗೆ ಕೆಲಸದಲ್ಲಿ ಇರಿಸಿಕೊಳ್ಳಿ ಎಂದು. ಸುಳ್ಳು ಬೇಡ. ಎಚ್ಚರಿಸಿದ್ದರೂ ನನ್ನದೇ ತಪ್ಪಿನಿಂದ ಬಿದ್ದೆ ಎಂದು ಬರೆಯಿರಿ."

ನಾನು ಬರೆಯತೊಡಗಿದೆ. ದಿನ ಬರೆದೆ, ಊರು ಬರೆದೆ. 'ಎಚ್ಚರಿಸಿದ್ದರೂ' ಎಂಬಲ್ಲಿಗೆ ಬಂದು ಪೆನ್ನು ಕೆಳಗಿಟ್ಟೆ.

"ನಾನು ಹೇಳಿರಲಿಲ್ಲ" ಎಂದೆ.

"ಇನ್ನೊಮ್ಮೆ ಹೇಳಿ" ಎಂದ, ಅಭ್ಯಾಸದಿಂದ.

"ಕೆರೆಯ ವಿಷಯ ನಾನು ನಿಮಗೆ ಹೇಳಲೇ ಇಲ್ಲ. ಯಾರೂ ಹೇಳಲಿಲ್ಲ."

ಅವನು ಗೋಡೆಗೊರಗಿಸಿದ್ದ ಕೋಲು ಹಿಡಿದು ಎದ್ದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಮೊದಲು ಹೇಳಿದ್ದು ಇಷ್ಟು: "ಹಾಗಾದರೆ ನನ್ನ ತಲೆ ಸರಿಯಾಗಿದೆ." ಆಮೇಲೆ, "ನಲವತ್ತು ದಿನ ಆ ಒಂದು ಮಾತು ಹುಡುಕಿದೆ. ಎಲ್ಲಿ ಹೇಳಿದಿರಿ, ಯಾವ ತಿರುವಿನಲ್ಲಿ ಎಂದು. ಸಿಗಲಿಲ್ಲ." ಅವನ ಸ್ವರ ಆಗ ಏರಿತು. "ಅವರಿಗೂ ಹೇಳಿ. ನನ್ನೆದುರೇ."

ಕೋಲೂರಿಕೊಂಡು ಅವನು, ಹಿಂದೆ ನಾನು, ಸೈಕಲ್ ಅಂಗಡಿಗೆ ಹೋದೆವು. ಕ್ಯಾಪ್ಟನ್ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ. ಯಜಮಾನರೂ ಅಲ್ಲೇ ಬೆಂಚಿನ ಮೇಲಿದ್ದರು. ನಾನು ಹೇಳಿದೆ.

"ಎಂತ ಮಾಷ್ಟ್ರೇ ಇದು?" ಎಂದ ಕ್ಯಾಪ್ಟನ್. ಪಂಪು ಕೆಳಗೆ ಬಿತ್ತು. "ಇಷ್ಟು ಹೇಳ್ಲಿಕ್ಕೆ ಆರು ವಾರವಾ? ಪಾಠ ಕಲಿತು ಬಾರದ ಮಕ್ಕಳಿಗೆ ಬೆತ್ತದಲ್ಲಿ ಹೊಡೆಯುದುಂಟಲ್ಲ ನೀವು? ನಿಮಗೆ ಯಾರು ಹೊಡೆಯುದು? ನಾನು ಊರಿಡೀ ಹೇಳ್ಕೊಂಡು ಬಂದೆನಲ್ಲ, ಅವನಿಗೇ ಮರ್ತದ್ದು ಅಂತ!" ಆಮೇಲೆ ಅವನ ಮಾತು ತಗ್ಗಿತು. "ನಾನಾದ್ರೂ ಕೇಳ್ಬೇಕಿತ್ತು. ಗೆರೆ ಎಳೆದವ ನಾನೇ." ಗೋವೆಯವನಿಗೆ ಕನ್ನಡ ತಿಳಿಯದು. ಕ್ಯಾಪ್ಟನ್‌ನ ಅಂಗೈಯಲ್ಲಿ ಉಳಿದಿದ್ದ ಹಗ್ಗದ ಕಲೆ ನೋಡಿದ, ತನ್ನ ಕೈ ಚಾಚಿದ.

ಯಜಮಾನರು ಎದ್ದು ನಿಂತರು. "ಇನ್ನು ಆ ಮಡಲು ಹಾಕುದು ಬೇಡ. ಚೆಂಡು ಬಿದ್ರೆ ಬೀಳ್ಲಿ ಮಾರಾಯ್ರೆ. ಚೆಂಡು ಒಣಗ್ತದೆ."

ಮರುದಿನ ಅವನು ಮಂಗಳೂರು ಬಸ್ಸು ಹತ್ತಿದ. ಕಾಗದವನ್ನು ಸರಿಯಾಗಿ ಬರೆದು ಕೊಟ್ಟಿದ್ದೆ, ಯಾರ ತಪ್ಪು ಎಂಬುದನ್ನೂ ಸೇರಿಸಿ. ಬಸ್ಸು ಹೊರಡುವಾಗ ಅವನು ನನ್ನ ಕಡೆ ತಿರುಗಿ ನೋಡಲಿಲ್ಲ. ಆಟದ ಬೂಟನ್ನು ನನ್ನ ಮಂಚದ ಕೆಳಗೇ ಬಿಟ್ಟು ಹೋಗಿದ್ದ. ಮರೆತದ್ದಲ್ಲ, ಒಳಗೆ ಕಾಗದ ತುರುಕಿ, ಲೇಸು ಕಟ್ಟಿ ಇಟ್ಟಿದ್ದ.

ಹೇಳಿಬಿಟ್ಟರೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ, ನಸುಕಿನಲ್ಲಿ ಮಂಗಳೂರಿನ ಮೊದಲ ಬಸ್ಸು ಹೋಗುವುದು ದಿನವೂ ಕೇಳಿಸುತ್ತಿತ್ತು. ಮಳೆ ಹಿಡಿದ ಮೇಲೆ ಕ್ಯಾಪ್ಟನ್‌ನ ಭಾವನಿಂದ ಸುದ್ದಿ ಬಂತು. ಮಿಲ್ಲಿನವರು ಒಪ್ಪಲಿಲ್ಲ, ಅವನು ಕೋಣೆ ಬಿಟ್ಟಿದ್ದಾನೆ, ಎಲ್ಲಿದ್ದಾನೋ ತಿಳಿಯದು. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ನಾನು ಫುಟ್‌ಬಾಲ್ ನೋಡಲು ಹೋಗುವುದನ್ನು ಬಿಟ್ಟೆ. ಬೇಸಿಗೆಯಲ್ಲಿ ನರಿಮೊಗರಿನ ಕಡೆಯಿಂದ ಬಂದ ಹುಡುಗರು ಒದ್ದೆ ಚೆಂಡನ್ನು ಸೈಕಲ್ ಅಂಗಡಿಯ ಮುಂದೆ ಬಿಸಿಲಿಗೆ ಇಡುವುದು ಮಾತ್ರ ಕಾಣುತ್ತಿತ್ತು. ಬೂಟಿಗೆ ತಿಂಗಳಿಗೊಮ್ಮೆ ಎಣ್ಣೆ ಹಚ್ಚುತ್ತಿದ್ದೆ.

ಪೋರ್ಚುಗೀಸರು ಹೋಗಿ ಗೋವೆಯ ಬಾಗಿಲು ತೆರೆದ ಮರುವರ್ಷ, ಒಂದು ಬುಧವಾರ, ಶಾಲೆಯ ವಿಳಾಸಕ್ಕೆ ಕಾರ್ಡು ಬಂತು. ಅವನ ಇಂಗ್ಲಿಷು, ಅವನ ಅಕ್ಷರ. ಊರು ಸೇರಿದ್ದೇನೆ. ತಂಗಿಗೆ ಮಕ್ಕಳಿಬ್ಬರು. ಆಫ್ರಿಕದಿಂದ ಸುತ್ತಿ ಬಂದ ಆ ಕಾಗದವನ್ನು ಅವಳು ಇಟ್ಟುಕೊಂಡಿದ್ದಾಳೆ, ಲಕೋಟೆಯ ಮೇಲಿನ ಅಕ್ಷರ ಯಾರದು ಎಂದು ಕೇಳಿದಳು, ಹೇಳಿದೆ. ಕಾಲು ಓಡುವುದಿಲ್ಲ, ನಡೆಯುತ್ತದೆ. ಇಲ್ಲಿನ ಪಂದ್ಯಗಳಿಗೆ ಸೀಟಿ ಊದುತ್ತೇನೆ. ಹೊರಗಿನ ಟೀಮು ಬಂದರೆ ಆಟಕ್ಕೆ ಮೊದಲು ನಾನೇ ಅವರನ್ನು ಕರೆದುಕೊಂಡು ಮೈದಾನ ಪೂರ್ತಿ ಒಂದು ಸುತ್ತು ಹಾಕಿಸುತ್ತೇನೆ. ಅವರು ನಗುತ್ತಾರೆ. ಬೂಟು ಯಾರಿಗಾದರೂ ಕೊಡಿ.

ಕೆಳಗೆ ಹೆಸರು ಮಾತ್ರ. ಕ್ಷಮಿಸಿದ್ದೇನೆ ಎಂದಾಗಲಿ, ಇಲ್ಲವೆಂದಾಗಲಿ ಬರೆದಿರಲಿಲ್ಲ.

ಸಂಜೆ ಬೂಟನ್ನು ಕ್ಯಾಪ್ಟನ್‌ಗೆ ಕೊಟ್ಟು ಬಂದೆ. ಅವನು ಹಿಮ್ಮಡಿ ಒತ್ತಿ ನೋಡಿ, "ಇನ್ನೂ ಮೆತ್ತಗುಂಟು ಮಾಷ್ಟ್ರೇ" ಎಂದ. ಊಟ ಮಾಡಿ ಮಲಗಿದೆ. ಎಚ್ಚರವಾದಾಗ ಬಿಸಿಲು ಗೋಡೆಯ ಮೇಲೆ ಅರ್ಧ ಇಳಿದಿತ್ತು. ಮಂಗಳೂರಿನ ಮೊದಲ ಬಸ್ಸು ಹೋದದ್ದು ನನಗೆ ಕೇಳಿಸಿರಲಿಲ್ಲ.