ಟಿಕೆಟ್ಟಿನ ಬೆನ್ನ ಮೇಲೆ

ಶಿವಶರಣಪ್ಪ ಕಾಕಾ ಅವರ ಕೈಗೆ ಯಾವ ಕಾಗದ ಕೊಟ್ಟರೂ ಮೊದಲು ತಿರುಗಿಸಿ ಅದರ ಬೆನ್ನು ನೋಡುತ್ತಿದ್ದರು. ಮದುವೆಯ ಕರೆಯೋಲೆಯಾಗಲಿ, ಕರೆಂಟು ಬಿಲ್ಲಾಗಲಿ, ಎಲ್ಲಕ್ಕೂ ಇದೇ ಮರ್ಯಾದೆ. ಯಾಕೆಂದು ಒಮ್ಮೆ ಕೇಳಿಯೇ ಬಿಟ್ಟೆ.

"ಮುಂದ ಅವರು ಹೇಳೋದು ಬರದಿರತಾರವಾ. ಹಿಂದ ನಾವು ಹೇಳಾಕ ಜಾಗ ಇರತೈತಿ" ಎಂದರು.

ರಾಯಚೂರು ಕಡೆಯವರು. ನನ್ನ ಯಜಮಾನರು ಕೆಲಸ ಮಾಡುವ ಸರಕಾರಿ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದು ನಿವೃತ್ತರಾಗಿ, ದಿಲ್‌ಸುಖ್‌ನಗರದಲ್ಲಿ ನಮ್ಮ ಎದುರು ಮನೆಯಲ್ಲಿದ್ದರು. ಲಾರಿಯಲ್ಲಿ ಬಂದ ಮಾಲು ಹೇಳಿದಂತೆ ಇಲ್ಲದಿದ್ದರೆ ಅವರು ಜಗಳ ಮಾಡುತ್ತಿರಲಿಲ್ಲವಂತೆ. ಚಲನ್ನಿನ ಬೆನ್ನ ಮೇಲೆ 'ಹತ್ತಿಂಚಿನ ಬದಲು ಎಂಟಿಂಚಿನ ಪೈಪು' ಎಂದು ಬರೆದು, ಕೆಳಗೆ ಡ್ರೈವರನ ಸಹಿ ಹಾಕಿಸಿಕೊಂಡು, ಚಹಾ ಕುಡಿಸಿ ಕಳಿಸುತ್ತಿದ್ದರಂತೆ. ಆ ಚಾಳಿ ಮನೆಗೂ ಬಂದಿತ್ತು. ಸುಲ್ತಾನ್ ಬಜಾರಿನ ದರ್ಜಿಯೊಬ್ಬ 'ತೋಳು ಒಂದಿಂಚು ಗಿಡ್ಡ' ಎಂಬುದಕ್ಕೆ ಸಹಿ ಹಾಕಿದ ಚೀಟಿಯನ್ನು ನಾನೇ ನೋಡಿದ್ದೇನೆ.

"ಮದುವ್ಯಾಗ ನನ್ನ ಬೆನ್ನ ಮ್ಯಾಲೂ ಏನರ ಬರದು ನಮ್ಮಪ್ಪನ ಸಹಿ ತಗೊಂಡಾರೇನು ನೋಡ ಸುಮಾ" ಎಂದು ಅವರ ಹೆಂಡತಿ ಮಹಾದೇವಿ ಕಾಕು ನಗುತ್ತಿದ್ದರು.

ಕಾಕುಗೆ ಹಾಡು ಕೇಳುವ ಹುಚ್ಚು. ಅಡುಗೆ ಮನೆಯಲ್ಲಿ ರೇಡಿಯೋ ಇಲ್ಲದೆ ರೊಟ್ಟಿ ತಟ್ಟಿದವರಲ್ಲ. ಆದರೆ ಎಡಗಿವಿ ಆಗಲೇ ಹೋಗಿತ್ತು, ಬಲಗಿವಿಯೂ ಹೋಗುತ್ತಿತ್ತು. ಮಶೀನು ಹಾಕಿದರೆ ಮಾತು ಕೇಳೀತು, ಹಾಡು ಬರೀ ಗದ್ದಲವಾದೀತು ಎಂದು ಡಾಕ್ಟರು ಹೇಳಿದ್ದರು. ಅಂಥ ಹೊತ್ತಿನಲ್ಲಿ, ಕಾಕು ಹರೆಯದಿಂದ ಕೇಳುತ್ತ ಬಂದ ಗಾಯಕರೊಬ್ಬರ ಕಛೇರಿ ಊರಲ್ಲಿ ನಿಗದಿಯಾಯಿತು. ಕಾಕಾ ನನ್ನ ಫೋನಿನಿಂದಲೇ ಮೂರನೇ ಸಾಲಿನಲ್ಲಿ ಮೂರು ಸೀಟು ತೆಗೆಸಿದರು, ಕಾಕುವಿನ ಬಲಗಿವಿ ವೇದಿಕೆಯ ಕಡೆಗೆ ಬರುವಂತೆ ಲೆಕ್ಕ ಹಾಕಿ. ಟಿಕೆಟ್ಟು ಫೋನಿನಲ್ಲೇ ಇದೆ ಎಂದರೂ ಕೇಳದೆ ತಮ್ಮಿಬ್ಬರದನ್ನು ಝೆರಾಕ್ಸ್ ಅಂಗಡಿಯಲ್ಲಿ ಛಾಪಿಸಿಕೊಂಡು ಬಂದರು. ನಾನು ನಕ್ಕಿದ್ದೆ.

ಅವತ್ತು ನಾವು ಹೋಗಿ ಕುಳಿತೂ ಆಗಿತ್ತು. ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡ ಮ್ಯಾನೇಜರೊಬ್ಬ ಬಂದು, ಮುಂದಿನ ಸಾಲುಗಳನ್ನು ಪ್ರಾಯೋಜಕರಿಗೆ ಬಿಡಬೇಕು, ಹಿಂದೆ ಹೋಗಿ ಎಂದ. "ಕ್ಯಾ ಫರಕ್ ಪಡ್ತಾ ಅಂಕಲ್, ಹಾಲ್ ತೋ ಏಕೀಚ್ ಹೈ." ಎಲ್ಲಿ ಕೂತರೂ ಹಾಲ್ ಒಂದೇ ತಾನೆ ಎಂಬ ಆ ಮಾತಿಗೆ ನಾನು ಜಗಳಕ್ಕೆ ನಿಂತೆ. ಕಾಕುವೇ ಮೊದಲು ಎದ್ದರು. "ಏಳ್ರಿ, ಮಂದಿ ನೋಡಾಕತ್ತಾರ."

ಕಾಕಾ ಎದ್ದರು. ಟಿಕೆಟ್ಟು ತಿರುಗಿಸಿ, ಮೂರನೇ ಸಾಲಿನಿಂದ ಎಬ್ಬಿಸಿ ಕೊನೆಯ ಸಾಲಿಗೆ ಕಳಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಪೆನ್ನು ಚಾಚಿದರು. "ಸೈನ್ ಕರೋ ಸಾಬ್. ಇತ್ತಾಇಚ್." ಒಂದು ಸಹಿ, ಇಷ್ಟೇ ಅವರು ಕೇಳಿದ್ದು. ಪೀಡೆ ತೊಲಗಲಿ ಎಂಬಂತೆ ಅವನು ನಗುತ್ತಲೇ ಗೀಚಿದ.

ಕೊನೆಯ ಸಾಲಿನಲ್ಲಿ ಕಾಕು ಬಲಗಿವಿಗೆ ಅಂಗೈ ಒಡ್ಡಿ ಕುಳಿತರು. ಸ್ವಲ್ಪ ಹೊತ್ತಿಗೆ "ಯಾವ ರಾಗರಿ?" ಎಂದು ಗಟ್ಟಿಯಾಗಿ ಕೇಳಿದರು. ಜನ ತಿರುಗಿ ನೋಡಿದರು. ಕಾಕಾ ಹೆಂಡತಿಯ ಇನ್ನೊಂದು ಅಂಗೈ ಎಳೆದುಕೊಂಡು ಬೆರಳಿನಿಂದ ರಾಗದ ಹೆಸರು ಬರೆದರು. ಆಮೇಲೆ ಯಾವಾಗಲೋ ಕಾಕು ಕಿವಿಯಿಂದ ಕೈ ಇಳಿಸಿದರು. ವಾಪಸು ಬರುವಾಗ ಆಟೋದಲ್ಲಿ, "ಛಲೋ ಆತು ಬಿಡ್ರಿ, ಅವರ ಮಾರಿಯರ ನೋಡಿದ್ವಿ" ಎಂದರು. ಕಾಕಾ ಟಿಕೆಟ್ಟನ್ನು ಮಡಚಿ ಒಳಜೇಬಿಗಿಟ್ಟರು.

ಮರುದಿನ ನೋಡಿದರೆ ನನ್ನ ಫೋನಿನ ಟಿಕೆಟ್ಟು ಮಾಯವಾಗಿತ್ತು. ಕಾರ್ಯಕ್ರಮ ಮುಗಿದ ಮೇಲೆ ಅದು ಉಳಿಯುವುದಿಲ್ಲವಂತೆ. "ಹೋಗಲಿ ಬಿಡವಾ, ನಮ್ಮದೈತಿ" ಎಂದರು ಕಾಕಾ.

ಕಛೇರಿ ಏರ್ಪಡಿಸಿದ್ದ ಕಂಪನಿಗೆ ಬರೆದೆವು. ಸೀಟು ಬದಲಿಸುವ ಹಕ್ಕು ನಮ್ಮದು, ಟಿಕೆಟ್ಟಿನ ಕೆಳಗೇ ಅಚ್ಚಾಗಿದೆ ಎಂದು ಉತ್ತರ ಬಂತು. ಕಾಕಾ ಭೂತಗನ್ನಡಿ ಹಿಡಿದು ಆ ಇರುವೆ ಸಾಲನ್ನು ಓದಿ ಮುಗಿಸಿ, "ಒಂದು ಹೇಳಿ ಇನ್ನೊಂದು ಕೊಟ್ಟರ ಅದಕ್ಕ ಕಾಯಿದೇದಾಗ ಹೆಸರೈತಿ, ಸೇವಾ ನ್ಯೂನತೆ ಅಂತ. ಸಣ್ಣ ಅಕ್ಷರದಾಗ ಬರದರ ತಪ್ಪೂ ಸಣ್ಣದಾಗತೈತೇನು?" ಎಂದರು. ಗ್ರಾಹಕರ ಆಯೋಗಕ್ಕೆ ಹೋಗಲು ವಕೀಲರೇ ಬೇಕೆಂದಿಲ್ಲ, ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು ನನಗೆ ಗೊತ್ತಾದದ್ದು ಅವರಿಂದ. ಅವರು ಹೇಳಿದರು, ನಾನು ಟೈಪು ಮಾಡಿದೆ.

ತಾರೀಖು ಮುಂದೆ ಹೋಗುತ್ತ ಹೋಗುತ್ತ ವರುಷ ದಾಟಿತು. ಕಡೆಯ ವಿಚಾರಣೆಗೆ ಮೂವರೂ ಹೋಗಿದ್ದೆವು. ಕಂಪನಿಯ ವಕೀಲ, "ಇವರು ಪೂರ್ತಿ ಕಛೇರಿ ನೋಡಿದ್ದಾರೆ, ನಷ್ಟವೇನು? ಆದರೂ ಮುಂದಿನ ಕಾರ್ಯಕ್ರಮಕ್ಕೆ ಮೊದಲ ಸಾಲಿನ ಎರಡು ಪಾಸು ಕೊಡುತ್ತೇವೆ" ಎಂದ. ಆಯೋಗದ ಅಧ್ಯಕ್ಷೆ ಕಾಕಾ ಅವರ ಮುಖ ನೋಡಿದರು. ಕಾಕಾ ತಮ್ಮ ಹರಕು ತೆಲುಗಿನಲ್ಲಿ, "ಅಮ್ಮಾ, ಈಗ ಆಕೆಗೆ ಕೇಳಿಸುವುದಿಲ್ಲ" ಎಂದರು. ಅಷ್ಟೇ. ಪಕ್ಕದಲ್ಲಿ ಕಾಕು, ಮಶೀನಿಗೂ ದಕ್ಕದಷ್ಟು ಕಿವಿ ಹೋಗಿ, ಏನು ನಡೆಯುತ್ತಿದೆ ಎಂದು ತಿಳಿಯದೆ, ಎಲ್ಲರಿಗೂ ನಗುಮುಖ ತೋರಿಸುತ್ತ ಕುಳಿತಿದ್ದರು. ಅಧ್ಯಕ್ಷೆ ಟಿಕೆಟ್ಟು ತಿರುಗಿಸಿ ಆ ಬರಹವನ್ನೂ ಸಹಿಯನ್ನೂ ಬಹಳ ಹೊತ್ತು ನೋಡಿದರು.

ಆದೇಶ ನಮ್ಮ ಕಡೆಗೇ ಬಂತು. ಟಿಕೆಟ್ಟಿನ ಹಣ, ಮೇಲೊಂದಿಷ್ಟು ಪರಿಹಾರ. ಮಾರಿದ ಸೀಟನ್ನು ಇನ್ನೊಬ್ಬರಿಗೆ ಕೊಡಲು ಸಣ್ಣಕ್ಷರದ ಷರತ್ತು ನೆಪವಾಗದು ಎಂಬ ಸಾಲಿನ ಅರ್ಥವನ್ನು ಕಾಕಾ ಕನ್ನಡದಲ್ಲಿ ಬರೆದು ಕಾಕುವಿನ ಕೈಗಿಟ್ಟರು. ಕಾಕು ಎರಡು ಸಲ ಓದಿದರು.

"ಹಂಗಾರ ಆ ಸೀಟು ನಮ್ಮದ ಇತ್ತು?"

ಕಾಕಾ ತಲೆಯಾಡಿಸಿದರು.

"ನಾ ಅವತ್ತ ಏಳಬಾರದಿತ್ತು" ಎಂದರು ಕಾಕು.

ಮುಂದಿನ ಬೇಸಿಗೆಗೆ ಅವರು ಬಳ್ಳಾರಿಗೆ, ಮಗಳಿರುವ ಓಣಿಗೆ, ಮನೆ ಬದಲಿಸಿದರು. ಸಾಮಾನಿನ ಲಾರಿ ತುಂಬಿದ ಮೇಲೆ ಕಾಕಾ ಪಟ್ಟಿ ತಿರುಗಿಸಿ 'ಕಪಾಟಿನ ಕನ್ನಡಿಗೆ ಒಂದು ಸೀಳು' ಎಂದು ಬರೆದು ಡ್ರೈವರನ ಸಹಿ ಹಾಕಿಸಿದರು. ನಾನು ಎಲ್ಲರಿಗೂ ಚಹಾ ಕೊಟ್ಟೆ. ಅವರಿಬ್ಬರನ್ನು ಕರೆದೊಯ್ಯುವ ಕಾರು ಬಾಗಿಲಿಗೆ ಬಂದಿತ್ತು. ಮೊಣಕಾಲು ನೋವೆಂದು ಕಾಕಾ ಯಾವಾಗಲೂ ಕೂರುವುದು ಡ್ರೈವರನ ಪಕ್ಕ. ಅವತ್ತು ನೋಡಿದರೆ ಅಲ್ಲಿ ಕಾಕು ಕುಳಿತಿದ್ದಾರೆ. ಕಾಕಾ ಗಾಜು ತಟ್ಟಿ, ಹಿಂದೆ ಹೋಗೆಂದು ಕೈಸನ್ನೆ ಮಾಡಿದರು.

ಕಾಕು ಗಾಜು ಇಳಿಸಿದರು. ತಮ್ಮ ದನಿ ತಮಗೇ ಕೇಳದವರು ಮಾತಾಡುವಷ್ಟು ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ, "ನಾ ಏಳಂಗಿಲ್ಲರಿ!" ಎಂದರು.

ಕಾಕಾ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, ಸೊಂಟ ಹಿಡಿದುಕೊಂಡು, ಹಿಂದಿನ ಬಾಗಿಲು ತೆಗೆದು ಕುಳಿತರು.