ಆ ಹಗ್ಗ ಯಾರು ಕಟ್ಟಿದ್ದು?

ಶಕುನ, ಅಂಜನ ಎಂದರೆ ನಗುತ್ತಿದ್ದವಳು ನಾನು. ಗುಬ್ಬಿಯ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಅಜ್ಜಿ ಬೆರಳಿನಿಂದ ನೆಲ ತಟ್ಟುತ್ತಿದ್ದಳು, ನಾನು ಪೊರಕೆ ಹಿಡಿದು ಹಲ್ಲಿಯನ್ನೇ ಓಡಿಸುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ, ಕಾಗಕ್ಕ ಗುಬ್ಬಕ್ಕನ ಕಥೆ ಎಂದು ಎದ್ದು ಹೋಗುತ್ತಿದ್ದೆ.

ಎಂಬತ್ತರ ದಶಕದ ಆರಂಭ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದೆ. ತುಮಕೂರಿನ ಒಂದು ಮೋಟಾರು ಕಾರ್ಖಾನೆಯಿಂದ ಇಂಟರ್‌ವ್ಯೂಗೆ ಕರೆ ಬಂತು. "ಇದೇ ಕೊನೆ ಕಣಮ್ಮ. ಸಿಗ್ದಿದ್ರೆ ಆ ಕುಣಿಗಲ್ ಗಂಡಿಗೆ ಒಪ್ಕೊ," ಎಂದುಬಿಟ್ಟರು ಅಪ್ಪ. ಗಂಡಿನ ಮೇಲೆ ನನ್ನ ದೂರೇನೂ ಇರಲಿಲ್ಲ. ನನಗೆ ಕೆಲಸ ಬೇಕಿತ್ತು, ಅಷ್ಟೆ.

ಆಗ ನಾವೆಲ್ಲ ಇಂಟರ್‌ವ್ಯೂಗೂ ಪರೀಕ್ಷೆಯಂತೆ ಉರು ಹೊಡೆಯುತ್ತಿದ್ದೆವು. ಕೊನೆಯಲ್ಲಿ ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎನ್ನುತ್ತಾರೆ, ಸುಮ್ಮನಿದ್ದರೆ ಪೆದ್ದಿ ಅಂದುಕೊಳ್ಳುತ್ತಾರೆ ಎಂದು ಸೋದರಮಾವ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆಯನ್ನೂ ಕಲಿಸಿದ್ದರು. ತರಬೇತಿ ಎಷ್ಟು ತಿಂಗಳು ಎಂಬುದು ಅದರ ಅರ್ಥ. ಗುಬ್ಬಿಯಿಂದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಗೊಣಗುತ್ತಾ ಬಂದೆ.

ಒಳಗೆ ಮೂವರಿದ್ದರು. ಅವರು ಕೇಳಿದ್ದಕ್ಕೆಲ್ಲ ಹೇಗೋ ಉತ್ತರಿಸಿದೆ. ಕೊನೆಗೆ ಹಿರಿಯ ಎಂಜಿನಿಯರ್, "ಏನಾದ್ರೂ ಕೇಳೋದಿದ್ಯೇನಮ್ಮ?" ಎಂದರು. ಬಾಯಿ ತೆರೆದೆ. ಬಂದದ್ದು ಮಾವನ ಪ್ರಶ್ನೆಯಲ್ಲ.

"ಆ ಹಗ್ಗ ಯಾರ್ ಕಟ್ಟಿದ್ದು ಸಾರ್?"

ಯಾವ ಹಗ್ಗ? ನನಗೇ ಗೊತ್ತಿರಲಿಲ್ಲ. ಕೆಲಸ ಕೈತಪ್ಪಿತು ಎಂದುಕೊಂಡೆ. ಇಬ್ಬರು ಮುಖ ಮುಖ ನೋಡಿಕೊಂಡರು. ಹಿರಿಯರು ಮಾತ್ರ ಕುರ್ಚಿ ತಳ್ಳಿ ಪಕ್ಕದ ಮೋಟಾರು ಶೆಡ್ಡಿನ ಕಡೆ ಓಡಿದರು. "ಏಯ್, ಎಲ್ಲಾ ಈಚೆ ಬನ್ರೋ!" ಎಂಬ ಕೂಗು ಕೇಳಿತು. ಹಿಂದೆಯೇ ನೆಲ ಅದುರುವಂಥ ಸದ್ದು.

ಮೋಟಾರು ಎತ್ತುವ ಸರಪಳಿ ಕೆಟ್ಟಿದ್ದಕ್ಕೆ ಯಾರೋ ತೆಂಗಿನ ನಾರಿನ ಹಗ್ಗ ಕಟ್ಟಿದ್ದರಂತೆ. ಬೆಳಿಗ್ಗೆಯೇ ಹಿರಿಯರು ಬೇಡವೆಂದಿದ್ದರೂ ಕೇಳಿರಲಿಲ್ಲ. ಹಗ್ಗ ಹರಿಯುವ ಹೊತ್ತಿಗೆ ಕೆಳಗಿದ್ದವರು ಆಗಷ್ಟೇ ಸರಿದಿದ್ದರು.

"ಬರೋವಾಗ ನೋಡಿದ್ಯೇನಮ್ಮ?" ಎಂದು ಹಿರಿಯರು ಬೆವರೊರೆಸಿಕೊಳ್ಳುತ್ತಾ ಕೇಳಿದರು.

"ಇಲ್ಲ ಸಾರ್, ನಾನು ಆ ಕಡೆಗೇ ಹೋಗಿಲ್ಲ."

ಯಾರೂ ನಂಬಲಿಲ್ಲ, ಹುಡುಗಿ ಹೆದರಿದ್ದಾಳೆ ಎಂದುಕೊಂಡರು. ಕಣ್ಣು ಚುರುಕು ಎಂದು ಕೆಲಸವನ್ನೂ ಕೊಟ್ಟರು.

ಅಂದಿನಿಂದ ಶೆಡ್ಡಿನವರು ಪ್ರತಿ ಸಲ ಭಾರ ಎತ್ತುವ ಮೊದಲು, "ಅಕ್ಕ, ಒಸಿ ನೋಡ್ಬುಡಿ" ಎಂದು ನನ್ನನ್ನು ಕರೆಯತೊಡಗಿದರು. ನಾನು ಸರಪಳಿ ತಡವಿ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ, ಅವತ್ತಿನಂತೆ ಬಾಯಿಗೆ ಏನಾದರೂ ಬರುತ್ತದೆಯೇ ಎಂದು ಭಯದಿಂದ ಕಾಯುತ್ತಿದ್ದೆ. ಏನೂ ಬರುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ರಂಗಪ್ಪ, "ಎತ್ಬೋದಾ ಅಕ್ಕ?" ಎಂದ. ಮೊದಲ ದಿನ ಆ ಹಗ್ಗದ ಕೆಳಗಿದ್ದವರಲ್ಲಿ ಅವನೂ ಒಬ್ಬ. ಕೊಂಡಿ ಕೊಂಡಿಯನ್ನೂ ನೋಡಿದೆ, ಎಲ್ಲ ಸರಿಯಿತ್ತು. "ಎತ್ತಿ" ಎಂದೆ. ಕೊಂಡಿಯೊಂದು ಬಿಟ್ಟುಕೊಂಡಿತು. ಮೋಟಾರು ಮೇಲೆ ಬಿದ್ದು ರಂಗಪ್ಪನ ಬಲಗಾಲು ಹೋಯಿತು.

ಆಸ್ಪತ್ರೆಯಲ್ಲಿ ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಮಕ್ಕಳು ಕೇಳುವಂತೆ ಕೇಳಿದ: "ಅವತ್ತು ಗೊತ್ತಾಗಿತ್ತಲ್ಲಕ್ಕ, ಇವತ್ಯಾಕೆ ಗೊತ್ತಾಗ್ಲಿಲ್ಲ?"